ಅಪ್ಪನನ್ನು ಮರ್ಯಾದೆಯಿಂದ ಕಳಿಸಿಕೊಟ್ಟವರಿಗೆ

ಅಂಕೋಲೆಯಲ್ಲಿ ಅಪ್ಪನ ವರ್ಷಾಂತಿಕ ಮುಗಿಸಿ ಮೊನ್ನೆ ಸ್ವೀಡನ್ನಿನ ಗಾಥೆನ್‌ಬರ್ಗ್‌ಗೆ ವಾಪಸ್ ಬಂದೆವು. ಕಳೆದ ವರ್ಷ ಯಾರಿಗೂ ಸರಿಯಾಗಿ ಥ್ಯಾಂಕ್ಸ್ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಈಗ ಹೇಳುತ್ತೇನೆ.

ಮಗಳ ಮನೆ ನೋಡಲು ಬಂದ ಅಪ್ಪ ಇಲ್ಲೇ ತೀರಿಕೊಂಡರು. ಪರದೇಶದಲ್ಲಿ ಸಾವಾದರೆ ಅಳುವ ಮೊದಲು ಫಾರ್ಮ್ ತುಂಬಬೇಕು. ಅದನ್ನೆಲ್ಲ ಇಲ್ಲಿನ ಕನ್ನಡದ ಗೆಳೆಯರು ನೋಡಿಕೊಂಡರು. ಪಾಳಿ ಮುಗಿದರೂ ಮನೆಗೆ ಹೋಗದೆ ಅಮ್ಮನ ಕೈ ಹಿಡಿದು ಕೂತ ನರ್ಸ್ ಒಬ್ಬರಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. ಅಂತ್ಯಕ್ರಿಯೆ ನೋಡಿಕೊಂಡ ಹೆಂಗಸು 'ನಿಮ್ಮಲ್ಲಿ ಹೇಗೆ ಮಾಡ್ತೀರಿ?' ಎಂದು ಕೇಳಿ ಪಟ್ಟಿ ಬರೆದುಕೊಂಡರು. ಅಕ್ಕಿ, ತುಳಸಿ, ಎಳ್ಳು. ಕಪ್ಪು ಎಳ್ಳೇ ಆಗಬೇಕಾ ಎಂದು ಸಂಜೆ ಮತ್ತೆ ಫೋನ್ ಮಾಡಿದ್ದರು!

ಇನ್ನೊಂದು ಋಣ ನೂರು ವರ್ಷಕ್ಕೂ ಹಳೆಯದು. ಅಪ್ಪ ನೇವಿಯಲ್ಲಿದ್ದವರು. ಇಲ್ಲಿನ ಕ್ವಿಬೆರ್ಗ್ ಸ್ಮಶಾನದಲ್ಲಿ ಬ್ರಿಟಿಷ್ ನಾವಿಕರ ಸಮಾಧಿಗಳಿವೆ ಎಂದು ಗೊತ್ತಾದ ಮೇಲೆ ಅವರನ್ನು ಮನೆಯಲ್ಲಿ ಹಿಡಿಯಲು ಆಗಲಿಲ್ಲ. ಕಮಾಂಡರ್ ಲಾಫ್ಟಸ್ ಜೋನ್ಸ್ ಅವರ ಸಮಾಧಿ ಅಲ್ಲಿದೆ. 1916ರ ಮೇ 31, ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಮತ್ತು ಜರ್ಮನಿಯ ನೌಕಾಪಡೆಗಳ ನಡುವೆ ನಡೆದ ಜಟ್ಲೆಂಡ್ ಕದನ. ಅವರ 'ಶಾರ್ಕ್' ಹಡಗು ಗುಂಡೇಟಿಗೆ ನಿಂತೇಹೋಗಿತ್ತು. ಉಳಿದ ಒಂದೇ ತೋಪನ್ನು ಹಾರಿಸುತ್ತಿದ್ದಾಗ ಜೋನ್ಸ್ ಅವರ ಕಾಲು ಹೋಯಿತು. ಆ ಸ್ಥಿತಿಯಲ್ಲೂ, ಹರಿದು ಜೋತುಬಿದ್ದ ಬಾವುಟ ಕಂಡು ಬೇರೆ ಏರಿಸಿ ಎಂದರಂತೆ. ಹಡಗು ಮುಳುಗಿತು. ಬದುಕಿ ಉಳಿದವರು ಆರೇ ಜನ. ಮರುವರ್ಷ ಜೋನ್ಸ್ ಅವರಿಗೆ ಮರಣೋತ್ತರವಾಗಿ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಬದುಕಿದವರನ್ನು ಮಾತಾಡಿಸಿ ಗಂಡನ ಕೊನೆಯ ಗಳಿಗೆಯ ಸಂಗತಿ ಕಲೆಹಾಕಿದ್ದು ಅವರ ಹೆಂಡತಿ ಮಾರ್ಗರೆಟ್.

ಅಪ್ಪ ಸೆಲ್ಯೂಟ್ ಹೊಡೆದರು, ನಿಜ. ಆದರೆ ಅವರು ಜಾಸ್ತಿ ಕೇಳಿದ್ದು ಯುದ್ಧದ ಬಗ್ಗೆ ಅಲ್ಲ. 'ದೇಹ ಯಾರಿಗೆ ಸಿಕ್ತು? ಯಾರು ಮಣ್ಣು ಮಾಡಿದ್ರು?' ಅಂತ. ಕರಾವಳಿಯವರ ಪ್ರಶ್ನೆ ಅದು, ಅಲ್ವಾ? ಕೆಲವು ವಾರಗಳ ನಂತರ ದೇಹ ಸ್ವೀಡನ್ನಿನ ದಡಕ್ಕೆ ಬಂತು. ಫಿಸ್ಕೆಬೆಕ್‌ಶೀಲ್ ಎಂಬ ಹಳ್ಳಿಯವರು ಜೂನ್ 24ರಂದು ತಮ್ಮ ಚರ್ಚಿನ ಅಂಗಳದಲ್ಲೇ ಮಣ್ಣು ಮಾಡಿದರು. ಆಮೇಲೆ ಸ್ಮಾರಕವನ್ನೂ ಕಟ್ಟಿದರು. ಸ್ವೀಡನ್ ಆ ಯುದ್ಧದಲ್ಲೇ ಇರಲಿಲ್ಲ. ಸತ್ತವನು ತಮ್ಮ ದೇಶದವನೂ ಅಲ್ಲ. 1961ರಲ್ಲಿ ಅವಶೇಷಗಳನ್ನು ಕ್ವಿಬೆರ್ಗ್‌ಗೆ ತಂದರು.

ಇದನ್ನೆಲ್ಲ ಕೇಳಿ ಅಪ್ಪ 'ಒಳ್ಳೇ ಜನ ಮಾರಾಯ್ತಿ, ಇಲ್ಲಿ ಸತ್ತರೂ ಚಿಂತೆ ಇಲ್ಲ' ಎಂದು ನಕ್ಕಿದ್ದರು. ನಾನು ಬೈದಿದ್ದೆ.

ಹಾಗಾಗಿ ಆ ಹಳ್ಳಿಯವರಿಗೂ ನಮಸ್ಕಾರ. ನಿಮ್ಮ ಮೊಮ್ಮಕ್ಕಳ ಕಾಲದವರು ನಮ್ಮನ್ನೂ ಹಾಗೇ ನೋಡಿಕೊಂಡರು. ಅಪ್ಪನ ಅಸ್ಥಿಯನ್ನು ಅವರು ಈಜು ಕಲಿತ ಸಮುದ್ರಕ್ಕೇ ಬಿಟ್ಟೆವು.

ಹದಿಮೂರು ದಿನ ಊಟ ತಂದುಕೊಟ್ಟವರೇ, ನಿಮ್ಮ ಡಬ್ಬಿಗಳು ಇನ್ನೂ ನಮ್ಮಲ್ಲೇ ಇವೆ. ಯಾರದ್ದು ಯಾವುದೆಂದು ನನಗೆ ಗೊತ್ತಾಗುತ್ತಿಲ್ಲ. ಭಾನುವಾರ ಬಂದು ಗುರುತು ಹಿಡಿದು ಒಯ್ಯಿರಿ. ಖಾಲಿ ಡಬ್ಬಿ ಕೊಡಬಾರದು ಎಂದು ಅಮ್ಮ ಊರಿಂದ ತೊಡದೇವು ಕಳಿಸಿದ್ದಾರೆ.