ಅಡುಗೆಮನೆಯ ಪಾಠವೂ ಸಿದ್ಧತೆಯಲ್ಲಿರಲಿ

ಮಾನ್ಯ ಸಂಪಾದಕರೇ,

ವಿದೇಶ ವ್ಯಾಸಂಗಕ್ಕೆ ಹೊರಡುವವರಿಗಾಗಿ ಪತ್ರಿಕೆಗಳಲ್ಲಿ ಬರುವ ಲೇಖನಗಳನ್ನು ನಾನು ತಪ್ಪದೆ ಓದುತ್ತೇನೆ. ವೀಸಾ, ಭಾಷಾ ಪರೀಕ್ಷೆ, ಶಿಕ್ಷಣ ಸಾಲಗಳ ಕುರಿತ ಮಾಹಿತಿಗೆ ಅವುಗಳಲ್ಲಿ ಕೊರತೆಯಿಲ್ಲ. ಆದರೆ ಹೊರದೇಶದ ಮಹಾನಗರವೊಂದರಲ್ಲಿ ಎರಡು ವರ್ಷ ಓದಿ ಬಂದ ನಾನು ಮೊದಲು ಎಡವಿದ್ದು ಆರು ಮಂದಿ ಹಂಚಿಕೊಂಡಿದ್ದ ಅಡುಗೆಮನೆಯಲ್ಲಿ. ಅದರ ಬಗ್ಗೆ ಯಾರೂ ಒಂದು ಮಾತನ್ನೂ ಹೇಳಿ ಕಳುಹಿಸಿರಲಿಲ್ಲ.

ಮೊದಲ ವಾರವೇ ಒಗ್ಗರಣೆಯ ಎಣ್ಣೆ ಹೆಚ್ಚು ಕಾದು ಹೊಗೆಯೆದ್ದಾಗ, ಅದು ಹೊರಹೋಗಲೆಂದು ಬಾಗಿಲು ತೆರೆದೆ. ಕಾರಿಡಾರಿನ ಅಲಾರಂ ಹೊಡೆದುಕೊಂಡು, ರಾತ್ರಿ ಹತ್ತು ಗಂಟೆಗೆ ಇಡೀ ಕಟ್ಟಡದವರು ಹೊದಿಕೆ ಹೊದ್ದು ಬೀದಿಗಿಳಿದರು. ಇಂಥ ಎಷ್ಟೋ ವಸತಿಗೃಹಗಳಲ್ಲಿ ಅಡುಗೆಮನೆಯೊಳಗಿನ ಅಲಾರಂ ಶಾಖವನ್ನು ಗ್ರಹಿಸಿದರೆ, ಹೊರಗಿನದು ಹೊಗೆಯನ್ನು ಗ್ರಹಿಸುತ್ತದೆ. ಬಾಗಿಲು ಮುಚ್ಚಿ ಕಿಟಕಿ ತೆರೆಯಬೇಕು ಎಂದು ಮೊದಲೇ ತಿಳಿದಿದ್ದರೆ ಆರು ಮಹಡಿಯವರ ನಿದ್ದೆ ಕೆಡುತ್ತಿರಲಿಲ್ಲ.

ಇದಕ್ಕಿಂತ ಹೆಚ್ಚು ನೋವಾದದ್ದು ಅನ್ನದ ವಿಷಯದಲ್ಲಿ. ರಾತ್ರಿ ಮಿಕ್ಕ ಅನ್ನವನ್ನು ಒಲೆಯ ಮೇಲೆಯೇ ಮುಚ್ಚಿಟ್ಟು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಪಕ್ಕದ ಕೋಣೆಯವಳು ಅದನ್ನು ಕಸದ ಬುಟ್ಟಿಗೆ ಸುರಿದು, ಪಾತ್ರೆಯನ್ನು ತೊಳೆದು ಬೋರಲು ಹಾಕಿದ್ದಳು. ಅನ್ನಕ್ಕೆ ಮಾಡಿದ ಅವಮಾನವೆಂದು ಎರಡು ದಿನ ಅವಳೊಡನೆ ಮಾತು ಬಿಟ್ಟೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿ ಬೆಂದರೂ ಸಾಯದೆ ಉಳಿಯಬಲ್ಲವು, ಬೆಚ್ಚಗಿನ ಅನ್ನದಲ್ಲಿ ಅವು ಬೆಳೆದು ಉಂಟುಮಾಡುವ ವಿಷ ಮರಳಿ ಬಿಸಿ ಮಾಡಿದರೂ ಹೋಗದಿರಬಹುದು, ಆದ್ದರಿಂದಲೇ ಬೇಯಿಸಿದ ಆಹಾರವನ್ನು 2 ಗಂಟೆಗಿಂತ ಹೆಚ್ಚು ಕಾಲ ಹೊರಗಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ ಎಂಬುದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಆಕೆ ನನ್ನ ಹೊಟ್ಟೆಯ ಬಗ್ಗೆ ಯೋಚಿಸಿದ್ದಳು; ಕೇಳದೆ ಚೆಲ್ಲಿದ್ದು ಸರಿಯಲ್ಲ ಎಂದು ಈಗಲೂ ನನಗನ್ನಿಸುತ್ತದೆ, ಅದು ಬೇರೆ ಮಾತು.

ಅದೇ ಗೆಳತಿ ಒಮ್ಮೆ ಮೆತ್ತನೆಯ ಹಣ್ಣಿನ ಮಿಠಾಯಿ ತಂದು, ಇದರಲ್ಲಿ ಮಾಂಸವಿಲ್ಲವೆಂದು ಪ್ರಾಮಾಣಿಕವಾಗಿಯೇ ಹೇಳಿದಳು. ಪೊಟ್ಟಣದ ಹಿಂಬದಿಯ ಸಣ್ಣಕ್ಷರಗಳಲ್ಲಿ ಜೆಲಟಿನ್ ಎಂದಿತ್ತು. ಅದನ್ನು ಸಾಮಾನ್ಯವಾಗಿ ಹಂದಿ ಅಥವಾ ದನದ ಚರ್ಮ, ಮೂಳೆಗಳಿಂದ ತೆಗೆಯುತ್ತಾರೆಂದು ಹೇಳಿದಾಗ ಆಕೆಗೂ ಅಚ್ಚರಿ. ಕೆಲವು ಚೀಸ್‌ಗಳಲ್ಲಿ ಹಾಲನ್ನು ಒಡೆಯಲು ಬಳಸುವ ರೆನೆಟ್ ಕರುವಿನ ಹೊಟ್ಟೆಯದು. ಪೊಟ್ಟಣದ ಪಟ್ಟಿಯಲ್ಲಿ 120 ಎಂಬ ಸಂಖ್ಯೆಯಿಂದ ಸೂಚಿಸುವ ಕೆಂಪು ಬಣ್ಣವನ್ನು ತೆಗೆಯುವುದು ಒಂದು ಕೀಟದಿಂದ. ಸಸ್ಯಾಹಾರಿ ಎಂದು ಹೇಳಿಬಿಟ್ಟರೆ ಮುಗಿಯಿತು ಎಂದುಕೊಂಡಿದ್ದ ನಾನು, ನಾನು ತಿನ್ನದಿರುವುದು ಏನು, ಏಕೆ ಎಂಬುದನ್ನು ಮೊದಲ ಬಾರಿಗೆ ಬಿಡಿಸಿ ಹೇಳಲು ಕಲಿತದ್ದು ಆ ಮೇಜಿನ ಮುಂದೆ. ಕಡಲೆಕಾಯಿ ಮುಟ್ಟಿದರೂ ಉಸಿರುಗಟ್ಟುವ ಇನ್ನೊಬ್ಬ ಸಹವಾಸಿಗಂತೂ ಆ ಸಣ್ಣಕ್ಷರ ಪ್ರಾಣದ ಪ್ರಶ್ನೆ. ಅವನಿಗಾಗಿ ನಾವೆಲ್ಲರೂ ಒಂದು ಸೌಟನ್ನು ಪ್ರತ್ಯೇಕವಾಗಿ ಇಟ್ಟಿದ್ದೆವು.

ಹೊರಡುವ ಮುನ್ನ ವಿದ್ಯಾರ್ಥಿಗಳಿಗಾಗಿ ನಡೆಸುವ ಮಾರ್ಗದರ್ಶನ ಶಿಬಿರಗಳಲ್ಲಿ ಒಂದು ಗಂಟೆಯನ್ನಾದರೂ ಲೇಬಲ್ ಓದುವುದಕ್ಕೆ, ಹಂಚಿಕೊಂಡ ಅಡುಗೆಮನೆಯ ರೀತಿನೀತಿಗಳಿಗೆ ಮೀಸಲಿಡಬೇಕೆಂದು ಆಯೋಜಕರಲ್ಲಿ ಕೋರುತ್ತೇನೆ. ತಮ್ಮ ಶಿಕ್ಷಣ ಪುಟದಲ್ಲಿಯೂ, ಓದಿ ಮರಳಿದವರಿಂದ ಇಂಥ ಅನುಭವಗಳನ್ನು ಬರೆಸಿ ಪ್ರಕಟಿಸಬಹುದು. ಅಲಾರಂ ಪ್ರಕರಣವನ್ನು ಇನ್ನಷ್ಟು ವಿವರವಾಗಿ ಬರೆದುಕೊಡಲು ನಾನು ಸಿದ್ಧಳಿದ್ದೇನೆ.

ಇಂತಿ,
ವ್ಯಾಸಂಗ ಮುಗಿಸಿ ಮರಳಿದ ಓದುಗಾರ್ತಿ