ಮಗಳಿಗೊಂದು ಪತ್ರ: ಗುಂಡು ತಾಗದೆ ಸತ್ತವರು

ಮಗಳೇ,

ಯೆಮೆನ್ ಯುದ್ಧದಲ್ಲಿ ಎಷ್ಟು ಜನ ಸತ್ತರು ಎಂದು ಕೇಳಿದ್ದೆಯಲ್ಲ. 2021ರ ಕೊನೆಯವರೆಗೆ 3,77,000 ಎಂಬುದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಅಂದಾಜು. ಅದರಲ್ಲಿ ನೂರಕ್ಕೆ ಸುಮಾರು ಅರವತ್ತು ಸಾವು ಗುಂಡಿನದೂ ಅಲ್ಲ, ಬಾಂಬಿನದೂ ಅಲ್ಲ. ಹಸಿವು, ಹೊಲಸು ನೀರು, ಸಿಗದ ಔಷಧಿಯ ಸಾವು. ಹೋದವರಲ್ಲಿ ಹೆಚ್ಚಿನವರು ಐದು ವರ್ಷ ತುಂಬದ ಮಕ್ಕಳು. ನೀನು ನರ್ಸಿಂಗ್ ಓದುತ್ತಿದ್ದೀಯ, ಆ ಸಾವು ಮನೆಯೊಳಗೆ ಬರುವ ದಾರಿ ನಿನಗೆ ಗೊತ್ತಿರಬೇಕು.

ಬಂದರಿನಿಂದ ಶುರುಮಾಡುತ್ತೇನೆ. ಯೆಮೆನ್ ತಿನ್ನುವ ಧಾನ್ಯದ ಬಹುಪಾಲು ಹೊರಗಿನಿಂದ ಬರಬೇಕು, ಅದರಲ್ಲೂ ಹೆಚ್ಚಿನದು ಕೆಂಪು ಸಮುದ್ರದ ಹೊದೈದಾ ಬಂದರಿಗೆ. 2015ರ ಆಗಸ್ಟ್‌ನಲ್ಲಿ ಅಲ್ಲಿನ ಕ್ರೇನುಗಳ ಮೇಲೆ ಬಾಂಬ್ ಬಿತ್ತು. ಬದಲಿಗೆ ನಾಲ್ಕು ಸಂಚಾರಿ ಕ್ರೇನುಗಳು ಬಂದದ್ದು 2018ರ ಜನವರಿಯಲ್ಲಿ. ಅಷ್ಟು ಕಾಲ ಹಡಗು ಕಾದ ದಿನಗಳ ಬಾಡಿಗೆ ಗೋಧಿಹಿಟ್ಟಿನ ಬೆಲೆಗೆ ಸೇರಿತು. 2016ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಬ್ಯಾಂಕ್ ಹೂತಿ ಬಂಡುಕೋರರ ಹಿಡಿತದ ರಾಜಧಾನಿ ಸನಾದಿಂದ ಸರ್ಕಾರದ ಕೈಯಲ್ಲಿದ್ದ ಏಡನ್‌ಗೆ ಹೋಯಿತು. ಆಮೇಲೆ ಲಕ್ಷಾಂತರ ಸರ್ಕಾರಿ ನೌಕರರಿಗೆ ಸಂಬಳ ನಿಂತಿತು, ಅವರಲ್ಲಿ ದಾದಿಯರೂ ಪಂಪ್‌ಹೌಸ್ ನೌಕರರೂ ಇದ್ದರು. ಅಂಗಡಿಯಲ್ಲಿ ಅಕ್ಕಿ ಇತ್ತು, ಕೊಳ್ಳಲು ಕಾಸಿರಲಿಲ್ಲ.

ನೀರಿನ ಕತೆಯೂ ಹೀಗೇ. ಕರೆಂಟ್ ಹೋದಮೇಲೆ ಪಂಪು ಓಡಬೇಕಾದದ್ದು ಡೀಸೆಲ್‌ನಲ್ಲಿ. 2017ರ ನವೆಂಬರ್‌ನಲ್ಲಿ ಬಂದರು ಮುಚ್ಚಿ ಡೀಸೆಲ್ ಬರದಾದಾಗ ಹಲವು ನಗರಗಳಲ್ಲಿ ಪಂಪುಗಳೇ ನಿಂತವು. ಜನ ಸಿಕ್ಕ ಬಾವಿಯ ನೀರು ಕುಡಿದರು. ಆ ಒಂದೇ ವರ್ಷದಲ್ಲಿ ಶಂಕಿತ ಕಾಲರಾ ಪ್ರಕರಣಗಳು ಹತ್ತು ಲಕ್ಷ ದಾಟಿದವು.

ಕಾಲರಾದಿಂದ ತೀರಾ ಬಳಲಿದ ದೊಡ್ಡವರಿಗೆ ರಕ್ತನಾಳಕ್ಕೆ ಏರಿಸುವ ಲವಣದ್ರಾವಣ ರಿಂಗರ್ ಲ್ಯಾಕ್ಟೇಟ್, ಮೈತೂಕದ ಕಿಲೋಗೆ 100 ಮಿಲಿಲೀಟರ್: 30 ಮೊದಲ ಅರ್ಧ ಗಂಟೆಯಲ್ಲಿ, ಉಳಿದ 70 ಮುಂದಿನ ಎರಡೂವರೆ ಗಂಟೆಯಲ್ಲಿ. ಹೊತ್ತಿಗೆ ಸಿಕ್ಕಿದರೆ ನೂರರಲ್ಲಿ ಒಬ್ಬರೂ ಸಾಯುವುದಿಲ್ಲ. ಆದರೆ ಹಸಿವಿನಿಂದ ಸೊರಗಿದ ಮಗುವಿಗೆ ಅಷ್ಟೇ ವೇಗದಲ್ಲಿ ಏರಿಸಿದರೆ ದುರ್ಬಲ ಹೃದಯ ತಡೆಯದು. ಅಂಥ ಮಕ್ಕಳ ಭೇದಿಗೆ ಕುಡಿಸುವ ರೆಸೊಮಾಲ್ ಎಂಬ ದ್ರಾವಣದಲ್ಲಿ ಸೋಡಿಯಂ ಕಡಿಮೆ, ಕಾಲರಾಕ್ಕೆ ಅದು ಸಾಲದು, ಮಾಮೂಲಿ ಓಆರ್‌ಎಸ್ಸೇ ಬೇಕು. ಯೆಮೆನ್‌ನಲ್ಲಿ ಹಸಿವೂ ಕಾಲರಾವೂ ಒಂದೇ ಮಗುವಿಗೆ ಒಟ್ಟಿಗೆ ಬಂದವು.

ಇನ್ನು ತೋಳಿನ ಪಟ್ಟಿ, ಮಗು ಎಷ್ಟು ಸೊರಗಿದೆ ಎಂದು ಅಳೆಯುವ ಬಣ್ಣದ ಪಟ್ಟಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡತೋಳು ಸಡಿಲವಾಗಿ ಇಳಿಬಿದ್ದಿರಲಿ. ಭುಜಕ್ಕೂ ಮೊಣಕೈಗೂ ನಟ್ಟನಡುವೆ ಸುತ್ತು. 115 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಬಿಗಿದು ಎಳೆದರೆ ಚೆನ್ನಾಗಿರುವ ಮಗುವೂ ಕೆಂಪಿಗೆ ಬೀಳುತ್ತದೆ. ಪಟ್ಟಿಯನ್ನೇ ನಂಬಬೇಡ, ಎರಡೂ ಪಾದಗಳನ್ನು ಹೆಬ್ಬೆರಳಿಂದ ಮೂರು ಸೆಕೆಂಡ್ ಒತ್ತಿ ನೋಡು. ಗುಳಿ ಹಾಗೇ ಉಳಿದರೆ ತೋಳು ಎಷ್ಟೇ ದಪ್ಪವಿರಲಿ, ಅದೂ ತೀವ್ರ ಅಪೌಷ್ಟಿಕತೆಯೇ. ಬಾವು ಬಡಕಲನ್ನು ಮುಚ್ಚಿಡುತ್ತದೆ.

ಬೇರೆ ಕಾಯಿಲೆಯಿಲ್ಲದೆ, ಹಸಿವಿನಿಂದ ಬಾಯಿಗಿಟ್ಟದ್ದನ್ನು ತಿನ್ನುವ ಮಗುವಾದರೆ ಮನೆಯಲ್ಲೇ ಚಿಕಿತ್ಸೆ ನಡೆಯುತ್ತದೆ. ಕಡಲೆಕಾಯಿ, ಹಾಲಿನಪುಡಿ, ಸಕ್ಕರೆ, ಎಣ್ಣೆ ಕಲಸಿದ 92 ಗ್ರಾಂ ಪೊಟ್ಟಣ, ಒಂದರಲ್ಲಿ 500 ಕ್ಯಾಲೊರಿ. 7 ಕಿಲೋ ಮಗುವಿಗೆ ದಿನಕ್ಕೆ ಸುಮಾರು ಮೂರು, ಆರರಿಂದ ಎಂಟು ವಾರ. ಕಲಸಬೇಕಿಲ್ಲ, ನೀರು ಸೇರಿಸಬೇಕಿಲ್ಲ, ಹಾಗಾಗಿ ಹೊಲಸು ನೀರಿನ ಭಯವಿಲ್ಲ.

ಆದರೂ ತೂಕ ಏರದ ಮಕ್ಕಳಿದ್ದಾರೆ. ತಾಯಿಗೆ ಬೈಯುವ ಮೊದಲು ಎರಡು ಮಾತು ಕೇಳು: ಮನೆಯಲ್ಲಿ ಇನ್ನೆಷ್ಟು ಮಕ್ಕಳು, ಆಸ್ಪತ್ರೆಗೆ ಬರಲು ಎಷ್ಟು ಖರ್ಚಾಯಿತು. ತೈಝ್ ಊರಿನಿಂದ ಆಚೆಯ ಹೌಬಾನ್‌ಗೆ ಕಾಲು ಗಂಟೆಯ ದಾರಿ ಯುದ್ಧದ ಗೆರೆಯಿಂದ ಮುಚ್ಚಿ, ಬೆಟ್ಟ ಸುತ್ತಿ ಗಂಟೆಗಟ್ಟಲೆ ಹೋಗಬೇಕಿತ್ತು. ಆ ರಸ್ತೆ ತೆರೆದದ್ದು 2024ರ ಜೂನ್‌ನಲ್ಲಿ. ವಾರಕ್ಕೊಮ್ಮೆ ಬರಲಾಗದ ತಾಯಿಗೆ ಎರಡು ವಾರದ ಪೊಟ್ಟಣ ಒಟ್ಟಿಗೆ ಕೊಡು. ಅಣ್ಣಂದಿರಿಗೂ ಪಾಲು ಹೋಗುತ್ತದೆ ಎಂದಾದರೆ ಆ ಮನೆಯ ಹೆಸರನ್ನು ಗೋಧಿಹಿಟ್ಟು, ಬೇಳೆ, ಎಣ್ಣೆ ಹಂಚುವ ಮನೆಗಳ ಪಟ್ಟಿಗೂ ಸೇರಿಸು.

ನಿನ್ನ
ಅಮ್ಮ