ಲಾ ಕ್ರೂಸ್ ಸಂತೆಯ ಆ ಅಮ್ಮನಿಗೆ

ಮೆಕ್ಸಿಕೋದ ನಯಾರಿತ್ ರಾಜ್ಯದ ಕಡಲ ದಂಡೆಯಲ್ಲಿ ಲಾ ಕ್ರೂಸ್ ಎಂಬ ಮೀನುಗಾರರ ಊರಿದೆ. ಚಳಿಗಾಲದ ಭಾನುವಾರಗಳಂದು ದೋಣಿ ನಿಲ್ಲುವ ಕಟ್ಟೆಯುದ್ದಕ್ಕೂ ಸಂತೆ ಕೂಡುತ್ತದೆ. ಅಲ್ಲಿ ತಮಾಲೆ, ಅಂದರೆ ಮೆಕ್ಕೆಜೋಳದ ಹಿಟ್ಟನ್ನು ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಕಡುಬು, ಮಾರುತ್ತಿದ್ದ ಅಮ್ಮ, ನಿಮ್ಮ ಹೆಸರನ್ನೂ ಕೇಳದೆ ಬಂದುಬಿಟ್ಟೆ. ಈ ನಮಸ್ಕಾರ ನಿಮಗೆ.

ನಿಮ್ಮ ಪಕ್ಕದಲ್ಲೇ ಅಲ್ಲಿನ ಮೂಲನಿವಾಸಿಗಳಾದ ವಿಚೋಲ್ ಜನರ ಮಣಿಕೆಲಸದ ಅಂಗಡಿ. ಸೋರೆ ಬುರುಡೆಯ ಬಟ್ಟಲಿಗೆ ಜೇನುಮೇಣ ಸವರಿ, ಸೂಜಿಮೊನೆಯಲ್ಲಿ ಒಂದೊಂದೇ ಮಣಿ ಎತ್ತಿ ಒತ್ತಿ ಕೂರಿಸುತ್ತಾರೆ. ಸಾಸಿವೆ ಕಾಳಿನಷ್ಟು ಸಣ್ಣ ಮಣಿಗಳು. ಅವುಗಳಲ್ಲೇ ಜಿಂಕೆ, ಮೆಕ್ಕೆಜೋಳದ ತೆನೆ ಮೂಡುತ್ತವೆ. ಎಷ್ಟು ದಿನದ ತಾಳ್ಮೆಯೋ! ನನಗೆ ಚೌಕಾಸಿ ಮಾಡಲು ಮನಸ್ಸೇ ಬರಲಿಲ್ಲ.

ಕೊಂಡ ಬಟ್ಟಲನ್ನು ಉರಿಬಿಸಿಲಲ್ಲಿ ಹಿಡಿದು ನಿಂತಿದ್ದೆ. ನೀವು ಓಡಿಬಂದು, ಕೈಹಿಡಿದು ನೆರಳಿಗೆ ಎಳೆದಿರಿ. ಮಣಿಯ ಮೇಲೆ ಬೆರಳಿಟ್ಟು, ಸೂರ್ಯನತ್ತ ತೋರಿಸಿ, "ಸೆರಾ, ಸೆರಾ" ಅಂದಿರಿ. ಸ್ಪ್ಯಾನಿಷ್ ಬಾರದ ನನಗೂ ಅರ್ಥವಾಯಿತು: ಸೆರಾ ಅಂದರೆ ಮೇಣ, ಬಿಸಿಲಿಗೆ ಮೆತ್ತಗಾದರೆ ಮಣಿಗಳು ಜಾರುತ್ತವೆ. ತಮಾಲೆ ಸುತ್ತಲು ಇಟ್ಟುಕೊಂಡಿದ್ದ ಮೆಕ್ಕೆಜೋಳದ ಸಿಪ್ಪೆಗಳನ್ನೇ ಬಟ್ಟಲಿಗೆ ಸುತ್ತಿ ದಾರ ಬಿಗಿದಿರಿ. ದುಡ್ಡು ಕೊಡಹೋದರೆ ನನ್ನ ಮುಷ್ಟಿಯನ್ನೇ ಮಡಚಿ ಹಿಂದಕ್ಕೆ ತಳ್ಳಿದಿರಿ.

ಅಮ್ಮ, ಬಟ್ಟಲು ಮನೆ ಸೇರಿದೆ. ಜಿಂಕೆಯ ಕೊಂಬಿನ ತುದಿಯ ಕೆಂಪು ಮಣಿ ಕೂಡ ಅಲುಗಿಲ್ಲ. ಕಿಟಕಿಯಿಂದ ದೂರ, ನೆರಳಲ್ಲೇ ಇಟ್ಟಿದ್ದೇನೆ.